ವರದಿ "ವನ್ಯಜೀವಿಗಳಿಗೆ ತೊಂದರೆ ಇಲ್ಲ" ಅಂದರೆ ಅದನ್ನು ಪರೀಕ್ಷಿಸೋದು ಹೇಗೆ?

ಹೊಸಓದುಗಿ

ಎಲ್ಲರಿಗೂ ನಮಸ್ಕಾರ. ಗಾಳಿ ವಿದ್ಯುತ್ ಯೋಜನೆಯೊಂದರ ಪರಿಸರ ಪರಿಣಾಮ ವರದಿ ಓದುತ್ತಿದ್ದೇನೆ. ಯಾವ ಯೋಜನೆ, ಎಲ್ಲಿಯದು ಅಂತ ಹೇಳಲ್ಲ. ಹೇಳಿದರೆ ಚರ್ಚೆ ಪರ-ವಿರೋಧಕ್ಕೆ ತಿರುಗಿಬಿಡುತ್ತದೆ. ನನಗೆ ಬೇಕಿರೋದು ಓದುವ ಕ್ರಮ.

ವನ್ಯಜೀವಿ ಅಧ್ಯಾಯದಲ್ಲಿ ಹಕ್ಕಿಗಳ ಪಟ್ಟಿ, ಪ್ರಾಣಿಗಳ ಪಟ್ಟಿ, ಗಿಡಮರಗಳ ಪಟ್ಟಿ ಪುಟಗಟ್ಟಲೆ ಇವೆ. ಎಲ್ಲಕ್ಕೂ ಲ್ಯಾಟಿನ್ ಹೆಸರು ಬೇರೆ. ಕೊನೆಗೆ ಒಂದೇ ಮಾತು: ಅಳಿವಿನಂಚಿನ ಯಾವ ಜೀವಿಯೂ ಸ್ಥಳದಲ್ಲಿ ಕಂಡುಬಂದಿಲ್ಲ, ಆದ್ದರಿಂದ ಗಣನೀಯ ಪರಿಣಾಮ ಇಲ್ಲ. ಅಷ್ಟೊಂದು ಪಟ್ಟಿಯಿಂದ ಈ ತೀರ್ಮಾನಕ್ಕೆ ಯಾವ ದಾರಿಯಲ್ಲಿ ಬಂದರು ಅನ್ನೋದು ಮಾತ್ರ ಎಲ್ಲೂ ಇಲ್ಲ. ನಾನು ಜೀವಶಾಸ್ತ್ರ ಓದಿದವಳಲ್ಲ. ತಿಳಿದವರು ಹೇಳಿ, ಮೊದಲು ಯಾವ ಪುಟ ತೆರೆಯಬೇಕು?

ಕೆರೆದಂಡೆ

ಪಟ್ಟಿ ಪಕ್ಕಕ್ಕಿಡಿ. ಸಮೀಕ್ಷೆ ಹೇಗೆ ಮಾಡಿದರು ಅಂತ ಬರೆದಿರುವ ಪುಟ ತೆರೆಯಿರಿ. ಯಾವ ತಿಂಗಳಲ್ಲಿ ಹೋದರು? ಬೆಳಿಗ್ಗೆಯಾ, ರಾತ್ರಿಯಾ? ಯಾವ ದಾರಿಯಲ್ಲಿ ನಡೆದರು, ಎಷ್ಟು ಹೊತ್ತು ನೋಡಿದರು? ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟಿದ್ದರೆ ಎಲ್ಲೆಲ್ಲಿ, ಎಷ್ಟು ರಾತ್ರಿ? ನಾನು ಇಂಥ ಸಮೀಕ್ಷೆಗಳ ಕೆಲಸದಲ್ಲೇ ಇರುವವನು. ಈ ವಿವರ ಇಲ್ಲದಿದ್ದರೆ "ಕಂಡುಬಂದಿಲ್ಲ" ಅನ್ನೋ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಎಷ್ಟು ಹುಡುಕಿದರು ಅಂತ ಗೊತ್ತಿಲ್ಲದೆ, ಸಿಗಲಿಲ್ಲ ಅನ್ನೋದರಿಂದ ಏನು ತಿಳಿಯುತ್ತದೆ?

ಅದರಲ್ಲೂ ಋತು ನೋಡಿ. ಭಾರತದಲ್ಲಿ ಪರಿಸರ ಅನುಮತಿ ಬೇಕಾದ ಬಹಳಷ್ಟು ಯೋಜನೆಗಳಿಗೆ ಒಂದು ಋತುವಿನ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು. ಗಾಳಿಯಲ್ಲಿನ ಧೂಳು ಅಳೆಯೋದಕ್ಕೆ ಆ ನಿಯಮ ಸರಿ. ಮಳೆ ಬಂದರೆ ಧೂಳು ತೊಳೆದುಹೋಗುತ್ತದೆ. ಆದರೆ ಪಶ್ಚಿಮ ಘಟ್ಟದ ಹೆಚ್ಚಿನ ಕಪ್ಪೆಗಳು ಕೂಗೋದು, ಮೊಟ್ಟೆ ಇಡೋದು ಮಳೆಗಾಲದಲ್ಲೇ. ಬೇಸಿಗೆಯಲ್ಲಿ ಅವು ತರಗೆಲೆಯ ಅಡಿ, ಮಣ್ಣಿನೊಳಗೆ, ಮರದ ಪೊಟರೆಯಲ್ಲಿ ಸೇರಿಕೊಂಡಿರುತ್ತವೆ. ಧೂಳಿನ ಲೆಕ್ಕಕ್ಕೆ ಆರಿಸಿದ ತಿಂಗಳಲ್ಲಿ ಕಪ್ಪೆ ಹುಡುಕಿದರೆ ಪಟ್ಟಿ ಚಿಕ್ಕದಾಗದೆ ಇನ್ನೇನಾಗುತ್ತದೆ? ಚಳಿಗಾಲದಲ್ಲಿ ಬಂದು ಹೋಗುವ ವಲಸೆ ಹಕ್ಕಿಗಳ ಕಥೆಯೂ ಇದೇ. ಮೇ ತಿಂಗಳ ಸಮೀಕ್ಷೆಯಲ್ಲಿ ಅವು ಎಲ್ಲಿಂದ ಬರಬೇಕು?

ಋತು ಸರಿ ಇದ್ದರೂ ಕೆಲವು ಪ್ರಾಣಿಗಳು ಕಣ್ಣಿಗೆ ಬೀಳೋದೇ ಕಷ್ಟ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಐವನ್‌ಪಾ ಅನ್ನೋ ದೊಡ್ಡ ಸೌರ ಸ್ಥಾವರ ಇದೆ. ಅಲ್ಲಿನ ಮರುಭೂಮಿ ಆಮೆ ಬದುಕಿನ ಬಹುಪಾಲನ್ನು ಬಿಲದಲ್ಲೇ ಕಳೆಯುತ್ತದೆ. ಕೆಲಸ ಶುರುವಾದ ಮೇಲೆ, ಮೊದಲ ಅಂದಾಜಿಗಿಂತ ಬಹಳ ಜಾಸ್ತಿ ಆಮೆಗಳು ಸಿಗತೊಡಗಿದವು. 2011ರಲ್ಲಿ ಒಂದು ಭಾಗದ ಕೆಲಸ ನಿಲ್ಲಿಸಿ ಅಂದಾಜನ್ನೇ ಹೊಸದಾಗಿ ಮಾಡಬೇಕಾಯಿತು. ಅರೆಬರೆ ಸಮೀಕ್ಷೆಯಿಂದ ಕಟ್ಟುವವರಿಗೂ ನಷ್ಟವೇ.

ತಿಂಗಳಬೆಳಕು

ಪಟ್ಟಿಯನ್ನು ಪೂರ್ತಿ ಪಕ್ಕಕ್ಕಿಡಬೇಡಿ, ಮರಗಳ ಹೆಸರನ್ನು ಒಮ್ಮೆ ನೋಡಿ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ಸ್ಪ್ರೂಸ್, ಬರ್ಚ್ ಮರಗಳ ಕಾಡು ಬಂದಿತ್ತು. ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿ ಅಂಟಿಸಿದ್ದರು. ಕೊಂಕಣದಲ್ಲಿ ಸ್ಪ್ರೂಸ್ ಕಾಡು! ಯಾರಾದರೂ ಓದುತ್ತಾರೆ ಅಂತ ಬರೆದವರಿಗೂ ಅನ್ನಿಸಿರಲಿಲ್ಲವೇನೋ.

ಗಾಳಿಯಂತ್ರ

ನಕಲು ಮಾಡಿದವರ ಪರ ನಾನೇನೂ ಇಲ್ಲ. ಆದರೆ ಟರ್ಬೈನ್‌ಗಳ ನಡುವೆಯೇ ಕೆಲಸ ಮಾಡುವವನಾಗಿ ಇನ್ನೊಂದು ಬದಿಯನ್ನೂ ಹೇಳಬೇಕು.

ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲವೇ ಇಲ್ಲ. ಅಂಥ ದೇಶದಲ್ಲಿ ಗಾಳಿ ಯೋಜನೆಗೆ ವರದಿ ಬರೆದಿದ್ದಾರೆ ಅಂದರೆ ಸಾಮಾನ್ಯವಾಗಿ ಸಾಲ ಕೊಡುವವರು ಕೇಳಿರುತ್ತಾರೆ. ವಿಶ್ವ ಬ್ಯಾಂಕ್ ಗುಂಪಿನ ಅಂತರರಾಷ್ಟ್ರೀಯ ಹಣಕಾಸು ನಿಗಮದ ಆರನೇ ಮಾನದಂಡ ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತದೆ. 2012ರ ಆವೃತ್ತಿ ಪ್ರಕಾರ, ಸಹಜ ಆವಾಸದಲ್ಲಿ, ಅಂದರೆ ಮನುಷ್ಯರು ಹೆಚ್ಚು ಬದಲಿಸದ ಜಾಗದಲ್ಲಿ, ಸಾಧ್ಯವಿದ್ದಷ್ಟೂ ಜೀವವೈವಿಧ್ಯಕ್ಕೆ ನಿವ್ವಳ ನಷ್ಟ (ಹಾನಿ, ಪರಿಹಾರ ಎರಡೂ ಸೇರಿಸಿದ ಲೆಕ್ಕದಲ್ಲಿ ನಷ್ಟ) ಆಗಬಾರದು. ಅತಿ ಮುಖ್ಯ ಆವಾಸವಾದರೆ ನಷ್ಟ ಆಗದಿದ್ದರೆ ಸಾಲದು, ನಿವ್ವಳ ಲಾಭವನ್ನೇ ತೋರಿಸಬೇಕು. ಹಾಗಾಗಿ ನಿಮ್ಮ ವರದಿ ಆ ಜಾಗವನ್ನು ಯಾವ ದರ್ಜೆಗೆ ಸೇರಿಸಿದೆ ನೋಡಿ. ಮುಂದಿನ ಎಲ್ಲ ಹೊಣೆಯೂ ಅದರ ಮೇಲೆ ನಿಲ್ಲುತ್ತದೆ.

ಇನ್ನೊಂದು ಮಾತು. ಗಾಳಿಯಂತ್ರ ಬೇಡ ಅಂದರೆ ಆ ಕರೆಂಟ್ ಎಲ್ಲಿಂದ ಬರುತ್ತದೆ? ಕಲ್ಲಿದ್ದಲ ಗಣಿ ಅಗೆದರೆ ಕಾಡು ಉಳಿಯುತ್ತದಾ? ಹವಾಮಾನ ಬದಲಾವಣೆ ಹಕ್ಕಿಗಳನ್ನು ಬಿಡುತ್ತದಾ? ಹೋಲಿಕೆ ಇಲ್ಲದೆ ಬರೀ ಒಂದರ ಹಾನಿ ಎಣಿಸೋದು ಸರಿ ಅಲ್ಲ.

ಹಾನಿ ತಗ್ಗಿಸೋಕೆ ದಾರಿಗಳೂ ಇವೆ. ಬಾವಲಿಗಳು ಹೆಚ್ಚಾಗಿ ಸಾಯೋದು ಗಾಳಿ ನಿಧಾನವಾಗಿರುವ ರಾತ್ರಿಗಳಲ್ಲಿ. ಆ ಹೊತ್ತಿನಲ್ಲಿ ವಿದ್ಯುತ್ ಹೇಗೂ ಕಡಿಮೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2008, 2009ರಲ್ಲಿ ಒಂದು ಪ್ರಯೋಗ ನಡೆಯಿತು. ಗಾಳಿಯ ವೇಗ ಸ್ವಲ್ಪ ಏರುವವರೆಗೆ ರೆಕ್ಕೆ ತಿರುಗದಂತೆ ಇಟ್ಟರು. ಬಾವಲಿ ಸಾವು 44ರಿಂದ 93 ಶೇಕಡಾ ಇಳಿಯಿತು. ವರ್ಷದ ಉತ್ಪಾದನೆಯಲ್ಲಿ ಆದ ನಷ್ಟ 1 ಶೇಕಡಾ ಒಳಗೆ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು, ಹಕ್ಕಿ ಸಾವು 70 ಶೇಕಡಾಕ್ಕೂ ಹೆಚ್ಚು ಕಡಿಮೆಯಾಯಿತು. ಇಷ್ಟು ಸುಲಭ ಇರುವಾಗ ಯೋಜನೆಯೇ ಬೇಡ ಅನ್ನೋದು ಏಕೆ?

ಲೆಕ್ಕದಮೇಷ್ಟ್ರು

ಯೋಜನೆ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ, ಗಾಳಿಯಂತ್ರ ಅವರೇ. ಬಾವಲಿ ಪ್ರಯೋಗದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಅದು ಬೇರೆ ಬೇರೆ ಕಡೆ ಮತ್ತೆ ಮತ್ತೆ ನಡೆದು ಗಟ್ಟಿಯಾಗಿದೆ. ಸ್ಮೋಲಾದ್ದು ಹಾಗಲ್ಲ. ಬಣ್ಣ ಬಳಿದದ್ದು ನಾಲ್ಕೇ ಟರ್ಬೈನ್‌ಗೆ. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಎರಡು ಮೂರು ಹಕ್ಕಿ ಹೆಚ್ಚುಕಡಿಮೆಯಾದರೂ ಶೇಕಡಾ ಲೆಕ್ಕ ಎತ್ತೆತ್ತಲೋ ಹೋಗುತ್ತದೆ. ಆಸೆ ಹುಟ್ಟಿಸುವ ಫಲಿತಾಂಶ ನಿಜ, ಆದರೆ ಇನ್ನೊಂದು ವರದಿಯಲ್ಲಿ "ಬಣ್ಣ ಬಳಿಯುತ್ತೇವೆ, ಸಮಸ್ಯೆ ಮುಗಿಯಿತು" ಅಂತ ಬರೆಯೋದಕ್ಕೆ ಆಧಾರ ಆಗಲ್ಲ.

ಹೊಸಓದುಗಿ ಅವರೇ, ಇಂಥ ವರದಿಗಳಲ್ಲಿ ಪಕ್ಕದ ಹಳೇ ಯೋಜನೆ ತೋರಿಸಿ "ಅಲ್ಲಿ ಒಂದೂ ಸತ್ತ ಹಕ್ಕಿ ಸಿಕ್ಕಿಲ್ಲ" ಅನ್ನೋ ಸಾಲು ಇರುತ್ತದೆ. ಅದರ ಲೆಕ್ಕ ಮಾಡೋಣ. ಟರ್ಬೈನ್ ಕೆಳಗೆ ಬಿದ್ದ ಹಕ್ಕಿ ನಮ್ಮ ಕೈಗೆ ಸಿಗಬೇಕಾದರೆ ಮೂರು ಸಂಗತಿ ನಡೆಯಬೇಕು. ಅದು ನಾವು ಹುಡುಕುವ ಜಾಗದೊಳಗೇ ಬಿದ್ದಿರಬೇಕು. ನರಿ, ನಾಯಿ, ಕಾಗೆ ಹೊತ್ತುಕೊಂಡು ಹೋಗುವ ಮೊದಲು ನಾವು ಹೋಗಬೇಕು. ಹೋದಾಗ ಹುಲ್ಲಿನ ನಡುವೆ ಅದು ಕಣ್ಣಿಗೆ ಬೀಳಬೇಕು. ಮೂರೂ ಸೇರಿ ಒಂದು ಹಕ್ಕಿ ಸಿಗುವ ಸಾಧ್ಯತೆ 25 ಶೇಕಡಾ ಅಂತ ಇಟ್ಟುಕೊಳ್ಳಿ. ಆಗ 5 ಹಕ್ಕಿ ಸತ್ತಿದ್ದರೂ ಒಂದೂ ಸಿಗದೇ ಇರುವ ಸಾಧ್ಯತೆ ಸುಮಾರು 24 ಶೇಕಡಾ. 10 ಸತ್ತಿದ್ದರೂ 100ರಲ್ಲಿ ಐದಾರು ಸಲ ನಮಗೆ ಸೊನ್ನೆಯೇ ಕಾಣುತ್ತದೆ. ಅಂದರೆ "ಸಿಕ್ಕಿದ್ದು ಸೊನ್ನೆ" ಅನ್ನೋ ಸಾಲು ಏಳೆಂಟು ಸಾವನ್ನು ಆರಾಮಾಗಿ ಮುಚ್ಚಿಡಬಲ್ಲದು. ಗುಬ್ಬಚ್ಚಿಗಾದರೆ ಅದು ದೊಡ್ಡ ಸಂಖ್ಯೆ ಅಲ್ಲ. ವರ್ಷಕ್ಕೆ ಒಂದು ಮೊಟ್ಟೆ ಇಡುವ ದೊಡ್ಡ ಹಕ್ಕಿಗೆ, ಅದೂ ಆ ಪ್ರದೇಶದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದರೆ?

ಒಳ್ಳೆ ಸಮೀಕ್ಷೆ ಮಾಡುವವರು ಈ ಸಾಧ್ಯತೆಯನ್ನು ಸುಮ್ನೆ ಊಹಿಸಲ್ಲ. ಸತ್ತ ಕೋಳಿಮರಿಯನ್ನೋ ಬೇರೆ ಹಕ್ಕಿಯನ್ನೋ ಗೊತ್ತಿಲ್ಲದಂತೆ ಇಟ್ಟು, ಹುಡುಕುವವರಿಗೆ ಎಷ್ಟು ಸಿಗುತ್ತವೆ, ಎಷ್ಟು ದಿನ ಅಲ್ಲೇ ಇರುತ್ತವೆ ಅಂತ ಅಳೆಯುತ್ತಾರೆ. ಆ ತಿದ್ದುಪಡಿ ಮಾಡಿದ್ದಾರಾ ಅಂತ ಕೇಳಿ. ಮಾಡಿಲ್ಲದಿದ್ದರೆ ಆ ಸೊನ್ನೆಯನ್ನು ಬದಿಗಿಡಿ.

ಕೆರೆದಂಡೆ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಹೆಣ ಎಣಿಸೋದೇ ಎಲ್ಲ ಅಲ್ಲ. ಬಡಿದು ಸಾಯದ, ಸುಮ್ಮನೆ ಜಾಗ ಬಿಟ್ಟು ಹೋದ ಹಕ್ಕಿ ಯಾರ ಲೆಕ್ಕದಲ್ಲೂ ಇರಲ್ಲ.

ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಟರ್ಬೈನ್ ಇರುವ ಕಡೆ ಬೇಟೆಗಾರ ಹಕ್ಕಿಗಳು, ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ಕಡಿಮೆಯಾದ್ದರಿಂದ ನೆಲದ ಮೇಲೆ ಇನ್ನೊಂದು ಬದಲಾವಣೆ. ಗಂಟಲಲ್ಲಿ ಬಣ್ಣದ ಬೀಸಣಿಗೆ ಬಿಚ್ಚುವ ಒಂದು ಓತಿಕ್ಯಾತ ಅಲ್ಲಿ ಜಾಸ್ತಿಯಾಯಿತು. ಅದರ ಮೈಯಲ್ಲಿ ಒತ್ತಡದ ಹಾರ್ಮೋನ್ ಕಡಿಮೆ. ಮನುಷ್ಯ ಹತ್ತಿರ ಹೋದರೂ ಬೇಗ ಓಡಲ್ಲ. ಬೇಟೆಗಾರನ ಭಯ ಹೋದ ಜಾಗ ಅದು.

ಇದನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ? ಓತಿಕ್ಯಾತ ಇದೆ, ಟಿಕ್ ಹಾಕಬಹುದು. ಗಿಡುಗ ಎಲ್ಲೋ ಒಂದು ಕಂಡರೆ ಅದಕ್ಕೂ ಟಿಕ್. ಪಟ್ಟಿ ಮೊದಲಿನ ಹಾಗೇ ಇದೆ, ಜಾಗ ಮಾತ್ರ ಬೇರೆ ಆಗಿದೆ. ಹೀಗಾಗಿಯೇ ಪಟ್ಟಿ ಪಕ್ಕಕ್ಕಿಡಿ ಅಂದಿದ್ದು.

ಜಾಗದ ಆಯ್ಕೆ ತಪ್ಪಿದರೆ ಆಮೇಲಿನ ಯಾವ ತೇಪೆಯೂ ಪೂರ್ತಿ ಕೆಲಸ ಮಾಡಲ್ಲ ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಣಿವೆ ಉದಾಹರಣೆ. 1980ರ ದಶಕದಲ್ಲಿ ಸಾವಿರಾರು ಸಣ್ಣ ಟರ್ಬೈನ್ ನಿಲ್ಲಿಸಿದರು. ಕೆಳಗೆ ನೆಲದ ಅಳಿಲುಗಳು ತುಂಬಿದ್ದವು, ಅವನ್ನು ಹಿಡಿಯಲು ಗೋಲ್ಡನ್ ಈಗಲ್ ಅನ್ನೋ ದೊಡ್ಡ ಗರುಡಗಳು ಬರುತ್ತಿದ್ದವು. ಗಾಳಿ ಚೆನ್ನಾಗಿ ಬೀಸುವ ಆ ಏಣುಗಳೇ ಗರುಡಕ್ಕೂ ತೇಲಾಡುವ ಜಾಗ. ಮೊದಲೇ ಒಂದು ವರ್ಷ ಕೂತು ಹಾರಾಟ ಗಮನಿಸಿದ್ದರೆ ತಿಳಿಯುತ್ತಿತ್ತು. ದಶಕಗಳ ಕಾಲ ದಾವೆ, ಒಪ್ಪಂದ, ಹಳೇ ಯಂತ್ರ ಕಿತ್ತು ಹೊಸದು ನೆಡೋದು ನಡೆಯುತ್ತಲೇ ಬಂದಿದೆ.

ಸುಮ್ನೆಕೇಳಿದೆ

ಎಲ್ಲ ಓದಿದೆ. ಒಂದು ಪ್ರಶ್ನೆ. ಪ್ರಾಣಿಗಳು ಹೊಂದಿಕೊಳ್ಳಲ್ವಾ? ರಸ್ತೆ ಪಕ್ಕದಲ್ಲೇ ಜಿಂಕೆ ಮೇಯೋದು, ಟವರ್ ಮೇಲೆ ಹದ್ದು ಗೂಡು ಕಟ್ಟೋದು ಎಲ್ಲರೂ ನೋಡಿರುತ್ತೇವೆ. ಮೊದಲೆರಡು ವರ್ಷ ಗಾಬರಿ, ಆಮೇಲೆ ಅಭ್ಯಾಸ. ನೀವು ಹೇಳುವಷ್ಟು ಗಂಭೀರ ಅಲ್ಲ ಅನ್ನಿಸುತ್ತದೆ.

ಕೆರೆದಂಡೆ

ಕೆಲವು ಹೊಂದಿಕೊಳ್ಳುತ್ತವೆ. ರಸ್ತೆ ಪಕ್ಕ ನಿಮಗೆ ಕಾಣೋದು ಹೊಂದಿಕೊಂಡ ಜಿಂಕೆ. ಹೊಂದಿಕೊಳ್ಳದ್ದು ಅಲ್ಲಿ ಇರೋದೇ ಇಲ್ಲವಲ್ಲ, ಕಾಣೋದು ಹೇಗೆ?

ಅಮೆರಿಕದ ವಯೋಮಿಂಗ್‌ನಲ್ಲಿ ನೈಸರ್ಗಿಕ ಅನಿಲದ ಬಾವಿಗಳ ಕ್ಷೇತ್ರವೊಂದಿದೆ. ಅಲ್ಲಿ ಚಳಿಗಾಲ ಕಳೆಯುವ ಮ್ಯೂಲ್ ಡಿಯರ್ ಅನ್ನೋ ಜಿಂಕೆಗಳಿಗೆ ಕಾಲರ್ ಹಾಕಿ ಸುಮಾರು 15 ವರ್ಷ ಹಿಂಬಾಲಿಸಿದರು. 2017ರಲ್ಲಿ ಬಂದ ಫಲಿತಾಂಶ: ಅಷ್ಟು ವರ್ಷವಾದರೂ ಅಭ್ಯಾಸ ಆಗಲಿಲ್ಲ. ಬಾವಿಗಳಿಂದ ಸರಾಸರಿ ಒಂದು ಕಿಲೋಮೀಟರಿನಷ್ಟು ಹೆಚ್ಚು ದೂರವೇ ಉಳಿದವು. ಸಂಖ್ಯೆ 36 ಶೇಕಡಾ ಕುಸಿಯಿತು. ನೆಲದಲ್ಲಿ ಬಾವಿ ತಿಂದ ಜಾಗ ಕಡಿಮೆ, ಜಿಂಕೆ ಬಿಟ್ಟುಕೊಟ್ಟ ಜಾಗ ಬಹಳ ಜಾಸ್ತಿ. ವರದಿಗಳು ಸಾಮಾನ್ಯವಾಗಿ ಲೆಕ್ಕ ಹಾಕೋದು ಮೊದಲನೆಯದನ್ನು ಮಾತ್ರ.

ಅದೇ ವಯೋಮಿಂಗ್‌ನಲ್ಲಿ ಸೇಜ್ ಗ್ರೌಸ್ ಹಕ್ಕಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಗಂಡುಗಳು ಕುಣಿಯುವ ಬಯಲಿನ ಹತ್ತಿರ ಬರೀ ಸ್ಪೀಕರ್ ಇಟ್ಟು ಸದ್ದು ಕೇಳಿಸಿದರು. ಬಾವಿ ಇಲ್ಲ, ಲಾರಿ ಇಲ್ಲ. ಕೊರೆಯುವ ಯಂತ್ರದ ಸದ್ದಿಗೆ ಗಂಡುಗಳ ಹಾಜರಿ 29 ಶೇಕಡಾ ಇಳಿಯಿತು. ಬಿಟ್ಟು ಬಿಟ್ಟು ಬರುವ ಲಾರಿ ಸದ್ದಿಗೆ 73 ಶೇಕಡಾ. 2012ರಲ್ಲಿ ಇಡಾಹೋದಲ್ಲಿ ಕಾಡಿನ ಅಂಚಿನಲ್ಲಿ ಅರ್ಧ ಕಿಲೋಮೀಟರ್ ಉದ್ದಕ್ಕೆ ಸ್ಪೀಕರ್ ಸಾಲು ಹಾಕಿ, ಇಲ್ಲದ ರಸ್ತೆಯ ಸದ್ದು ಹುಟ್ಟಿಸಿದರು. ವಲಸೆ ಹಕ್ಕಿಗಳು ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾದವು. ಅಲ್ಲೇ ಉಳಿದವುಗಳಲ್ಲಿ ಕೆಲವಕ್ಕೆ ಮೈ ಕೊಬ್ಬು ಸರಿಯಾಗಿ ಸೇರಲಿಲ್ಲ. ವಲಸೆ ಹೋಗುವ ಹಕ್ಕಿಗೆ ಕೊಬ್ಬೇ ಇಂಧನ. ಬೈನಾಕ್ಯುಲರ್‌ನಲ್ಲಿ ನೋಡಿದವರಿಗೆ ಆ ಹಕ್ಕಿ "ಹೊಂದಿಕೊಂಡ" ಹಾಗೇ ಕಾಣುತ್ತದೆ.

ಗಾಳಿಯಂತ್ರ

ಹಾಗಂತ ಕಾಲ ಕೊಟ್ಟರೆ ಏನೂ ಸರಿಹೋಗಲ್ಲ ಅನ್ನೋದೂ ತಪ್ಪು. ಕೆನಡಾದ ಬ್ಯಾನ್ಫ್ ನೋಡಿ. ಹೆದ್ದಾರಿಗೆ ಬೇಲಿ ಹಾಕಿ, ಕೆಳಸೇತುವೆ, ಮೇಲ್ಸೇತುವೆ ಸೇರಿ 44 ದಾಟುದಾರಿ ಕಟ್ಟಿದರು. ವಾಹನಕ್ಕೆ ಸಿಕ್ಕಿ ಸಾಯುವ ದೊಡ್ಡ ಪ್ರಾಣಿಗಳ ಸಂಖ್ಯೆ 80 ಶೇಕಡಾಕ್ಕೂ ಹೆಚ್ಚು ಇಳಿಯಿತು. ಗ್ರಿಜ್ಲಿ ಕರಡಿಗಳು ಮೊದಲ ಕೆಲವು ವರ್ಷ ಆ ಕಡೆ ತಲೆ ಹಾಕಲಿಲ್ಲ, ಆಮೇಲೆ ಕಲಿತವು. ಭಾರತದಲ್ಲಿ ಪೆಂಚ್ ಕಾಡಿನ ನಡುವೆ ಹಾಯುವ 44ನೇ ರಾಷ್ಟ್ರೀಯ ಹೆದ್ದಾರಿಯ ಕೆಳದಾರಿಗಳಲ್ಲಿ ಹುಲಿಗಳೂ ದಾಟಿದ್ದು ಕ್ಯಾಮೆರಾದಲ್ಲಿದೆ.

ಕೆರೆದಂಡೆ

ಒಪ್ಪಿದೆ, ಒಳ್ಳೆ ಉದಾಹರಣೆ. ಬ್ಯಾನ್ಫ್‌ನಲ್ಲಿ 17 ವರ್ಷ ಬಿಡದೆ ನೋಡಿದ್ದರಿಂದಲೇ ಕರಡಿ ಕಲಿತದ್ದು ಗೊತ್ತಾಯಿತು. ಎರಡನೇ ವರ್ಷಕ್ಕೇ ಕ್ಯಾಮೆರಾ ಕಿತ್ತಿದ್ದರೆ "ಕರಡಿಗೆ ಉಪಯೋಗ ಇಲ್ಲ" ಅಂತ ಬರೆದಿರುತ್ತಿದ್ದರು.

ಹೊಸಓದುಗಿ

ಎಲ್ಲರಿಗೂ ಧನ್ಯವಾದ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ವಿಧಾನದ ಪುಟ ನೋಡಿದೆ. ತಿಂಗಳು ಬರೆದಿದ್ದಾರೆ, ಏಪ್ರಿಲ್. ರಾತ್ರಿ ಸಮೀಕ್ಷೆಯ ಮಾತಿಲ್ಲ. ಬಾವಲಿ ಅನ್ನೋ ಪದವೇ ಇಡೀ ಅಧ್ಯಾಯದಲ್ಲಿ ಇಲ್ಲ! ಇನ್ನೊಂದು ಗಮನಿಸಿದೆ. ಟರ್ಬೈನ್‌ಗಳ ಬಗ್ಗೆ ಮಾತ್ರ ವರದಿ ಇದೆ. ಅಲ್ಲಿಂದ ಹೊರಡುವ ಹೈಟೆನ್ಷನ್ ಲೈನ್ ನಕ್ಷೆಯಲ್ಲಿ ಒಂದು ಚುಕ್ಕೆಗೆರೆ, ಅಷ್ಟೇ. "ಪ್ರತ್ಯೇಕ ಯೋಜನೆ" ಅಂತ ಅಡಿಯಲ್ಲಿ ಬರೆದಿದ್ದಾರೆ. ಇದು ಸರಿಯಾ?

ಕೆರೆದಂಡೆ

ಕಾಗದದಲ್ಲಿ ಪ್ರತ್ಯೇಕ. ಹಕ್ಕಿಗೆ ಎರಡೂ ಒಂದೇ ಆಕಾಶದಲ್ಲಿ.

ಲೈನ್‌ನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದೊಡ್ಡ ಹಕ್ಕಿಗಳಿಗೆ ಬಹಳ ಸಲ ಟರ್ಬೈನ್‌ಗಿಂತ ತಂತಿಯೇ ಅಪಾಯ. ರಾಜಸ್ಥಾನದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಲ್ಲರಿಗೂ ಗೊತ್ತು. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವಾಗ ಥಟ್ಟನೆ ತಿರುಗಲಾರದು. 2010ರಲ್ಲಿ ಆಫ್ರಿಕಾದ ಕೋರಿ ಬಸ್ಟರ್ಡ್ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳ ದೃಷ್ಟಿ ಅಳೆದ ಅಧ್ಯಯನ ಬಂತು. ಬಸ್ಟರ್ಡ್ ಹಾರುವಾಗ ನೆಲ ನೋಡಲು ತಲೆ ಸ್ವಲ್ಪ ಬಗ್ಗಿಸಿದರೂ ಸಾಕು, ಮುಂದಿರೋದು ಅದಕ್ಕೆ ಕಾಣಲ್ಲ. ತಂತಿ ಎಷ್ಟೇ ದಪ್ಪ ಇರಲಿ, ನೋಡುವ ಕಣ್ಣು ಆ ಕಡೆ ಇಲ್ಲ.

ಈಗ ವರದಿಗಳಲ್ಲಿ ಸಿದ್ಧ ಉತ್ತರ ಒಂದಿರುತ್ತದೆ: "ತಂತಿಗೆ ಗುರುತು ಬಿಲ್ಲೆ ಹಾಕುತ್ತೇವೆ." ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಎಂಟು ವರ್ಷ ಇದನ್ನೇ ಪರೀಕ್ಷಿಸಿದರು, ಫಲಿತಾಂಶ 2021ರಲ್ಲಿ ಬಂತು. ನೀಲಿ ಕ್ರೌಂಚಗಳ ಸಾವು 92 ಶೇಕಡಾ ಇಳಿಯಿತು. ದೊಡ್ಡ ಹಕ್ಕಿಗಳನ್ನೆಲ್ಲ ಸೇರಿಸಿದರೆ ಅರ್ಧದಷ್ಟು. ಬಸ್ಟರ್ಡ್‌ಗಳಿಗೆ ಮಾತ್ರ ಏನೂ ಉಪಯೋಗ ಆಗಲಿಲ್ಲ. ಅದೇ ಬಿಲ್ಲೆ, ಅದೇ ತಂತಿ. ಆದ್ದರಿಂದ "ಪರಿಹಾರ ಕ್ರಮ" ಅಧ್ಯಾಯ ಓದುವಾಗ, ಈ ಕ್ರಮ ಈ ಹಕ್ಕಿಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಆಧಾರ ಎಲ್ಲಿದೆ ಅಂತ ಕೇಳಿ.

ಎರೆಭೂತದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆದ್ಯತೆಯ ಪ್ರದೇಶಗಳ ತಂತಿಗಳನ್ನು ಸಾಧ್ಯವಿರುವ ಕಡೆ ನೆಲದಡಿ ಹಾಕಲು ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶ ಬದಲಿಸಿ ತಜ್ಞರ ಸಮಿತಿ ಮಾಡಿತು. ಸ್ಥಾವರ, ತಂತಿ, ಹಕ್ಕಿ ಮೂರನ್ನೂ ಮೊದಲೇ ಒಟ್ಟಿಗೆ ಇಟ್ಟು ನೋಡಿದ್ದರೆ ಇಷ್ಟು ತಡವಾಗಿ ಕೋರ್ಟಿನಲ್ಲಿ ನೋಡಬೇಕಾಗಿರಲಿಲ್ಲ.

ನದಿಪಾತ್ರ

ಈ "ಪ್ರತ್ಯೇಕ ಯೋಜನೆ" ಆಟ ನದಿಗಳಲ್ಲಿ ಇನ್ನೂ ಜೋರು. ಭಾರತದಲ್ಲಿ 25 ಮೆಗಾವ್ಯಾಟ್‌ಗಿಂತ ಕೆಳಗಿನ ಜಲವಿದ್ಯುತ್ ಯೋಜನೆಗೆ ಪರಿಸರ ಪರಿಣಾಮ ವರದಿಯೇ ಬೇಡ. ಹಾಗಾಗಿ 24 ಚಿಲ್ಲರೆ ಮೆಗಾವ್ಯಾಟ್ ಯೋಜನೆಗಳನ್ನು ಅಲ್ಲಲ್ಲಿ ನೋಡುತ್ತೀರಿ. ಕಾಕತಾಳೀಯ ಇರಬಹುದು, ನಗಬೇಡಿ.

ಒಂದೊಂದನ್ನೇ ನೋಡಿದರೆ ಪ್ರತಿಯೊಂದೂ ಚಿಕ್ಕದೇ. ಆದರೆ ಹೊಳೆ ಒಂದೇ. ಒಂದು ಯೋಜನೆಯ ಸುರಂಗದಿಂದ ಹೊರಬಂದ ನೀರು ಸ್ವಲ್ಪ ದೂರ ಹರಿದು ಇನ್ನೊಂದರ ಸುರಂಗಕ್ಕೆ ಹೋಗುತ್ತದೆ. ನೀರು ಸುರಂಗದಲ್ಲಿ ಹೋಗುವಷ್ಟು ಉದ್ದಕ್ಕೂ ಹೊಳೆಪಾತ್ರ ಒಣಗುತ್ತದೆ. ಮೊಟ್ಟೆ ಇಡಲು ಮೇಲಕ್ಕೆ ಈಜುವ ಮಹಶೀರ್‌ನಂಥ ಮೀನಿಗೆ ಮೊದಲ ಅಡ್ಡಗಟ್ಟೆಯಲ್ಲೇ ದಾರಿ ಮುಗಿಯಿತು. ನದಿಯೊಳಗೆ ಉಷ್ಣತೆ ಬದಲಾಗುತ್ತದೆ, ಕಲ್ಲಿನ ಮೇಲಿನ ಹುಳುಗಳು ಬದಲಾಗುತ್ತವೆ. ಹತ್ತು ವರದಿ ಬರೆದರೂ ಪ್ರತಿಯೊಂದರಲ್ಲೂ "ಪರಿಣಾಮ ಸೀಮಿತ" ಅಂತಲೇ ಇರುತ್ತದೆ, ಯಾವುದೂ ಸುಳ್ಳೂ ಅಲ್ಲ.

ಇಡೀ ಕಣಿವೆಯನ್ನು ಒಟ್ಟಿಗೆ ನೋಡಿದರೆ ಉತ್ತರ ಹೇಗೆ ಬದಲಾಗುತ್ತದೆ ಅನ್ನೋದಕ್ಕೆ ಉತ್ತರಾಖಂಡವೇ ಸಾಕ್ಷಿ. ಅಲಕನಂದಾ, ಭಾಗೀರಥಿ ಕಣಿವೆಗಳ 39 ಪ್ರಸ್ತಾಪಿತ ಯೋಜನೆಗಳನ್ನು ಭಾರತೀಯ ವನ್ಯಜೀವಿ ಸಂಸ್ಥೆ ಒಟ್ಟಿಗೆ ಪರಿಶೀಲಿಸಿತು. 2012ರ ಅದರ ವರದಿ 24 ಯೋಜನೆಗಳಿಂದ ಜೀವವೈವಿಧ್ಯಕ್ಕೆ ದೊಡ್ಡ ಹಾನಿ ಅಂತ ಹೇಳಿತು. 2013ರ ಜೂನ್‌ನಲ್ಲಿ ಪ್ರವಾಹ ಬಂತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ 24ನ್ನು ಮತ್ತೆ ಪರಿಶೀಲಿಸಲು ಹೇಳಿತು.

ಸುಮ್ನೆಕೇಳಿದೆ

ಮೀನಿನ ಮಾತು ಬಂದಿದ್ದರಿಂದ ಕೇಳ್ತೇನೆ. ಅಮೆರಿಕದ ಟೆಲಿಕೋ ಅಣೆಕಟ್ಟು ಗೊತ್ತಲ್ವಾ? ಬೆರಳುದ್ದದ ಸ್ನೇಲ್ ಡಾರ್ಟರ್ ಅನ್ನೋ ಮೀನಿಗಾಗಿ ಬಹುತೇಕ ಮುಗಿದಿದ್ದ ಅಣೆಕಟ್ಟನ್ನು 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಮೇಲೆ ಅದೇ ಮೀನು ಬೇರೆ ಹೊಳೆಗಳಲ್ಲೂ ಸಿಕ್ಕಿತು. ಈಗ 2025ರಲ್ಲಿ ಅದು ಬೇರೆ ಪ್ರಭೇದವೇ ಅಲ್ಲ, ಇನ್ನೊಂದು ಡಾರ್ಟರ್‌ನದೇ ಒಂದು ಗುಂಪು ಅನ್ನುವ ಅಧ್ಯಯನ ಬಂದಿದೆ. ಇಂಥದ್ದಕ್ಕೆ ಏನು ಹೇಳುತ್ತೀರಿ?

ನದಿಪಾತ್ರ

ಒಳ್ಳೆ ಪ್ರಶ್ನೆ. ಕಥೆಯ ಉಳಿದ ಭಾಗವನ್ನೂ ಹೇಳಿ. 1979ರಲ್ಲಿ ಅಮೆರಿಕದ ಸಂಸತ್ತು ವಿನಾಯಿತಿ ಕೊಟ್ಟಿತು, ಅಣೆಕಟ್ಟು ಮುಗಿಯಿತು, ಆ ಹೊಳೆಯ ಮೀನುಗಳು ಹೋದವು. ಬೇರೆ ಹೊಳೆಗಳಲ್ಲಿ ಇರುವ ಕೆಲವು ಗುಂಪುಗಳು ಬೇಕೆಂದೇ ಅಲ್ಲಿಗೆ ಸಾಗಿಸಿದವುಗಳ ಸಂತತಿ. ಇನ್ನು ಕೆಲವು ಆಮೇಲೆ ಹುಡುಕಿದಾಗ ಸಿಕ್ಕಿದ್ದು. ಮೀನು ಮೊದಲು ಪತ್ತೆಯಾದದ್ದೇ 1973ರಲ್ಲಿ, ಅಣೆಕಟ್ಟಿನ ಕೆಲಸ ಶುರುವಾಗಿ ವರ್ಷಗಳಾದ ಮೇಲೆ. ಕಟ್ಟುವ ಮೊದಲು ಸುತ್ತಲಿನ ಹೊಳೆಗಳನ್ನೆಲ್ಲ ಸರಿಯಾಗಿ ಜಾಲಾಡಿದ್ದರೆ ಮೀನಿನ ಪರ ಇದ್ದವರಿಗೂ ಅಣೆಕಟ್ಟಿನ ಪರ ಇದ್ದವರಿಗೂ ಈ ಗೋಜಲು ಇರುತ್ತಿರಲಿಲ್ಲ. ಇದು ಕೆರೆದಂಡೆ ಅವರ ಮೊದಲ ಮಾತಿಗೇ ಬರುತ್ತದೆ.

ನಿರ್ವಾಹಕ

ಟೆಲಿಕೋ ಕುರಿತು ಇನ್ನೂ ಮಾತಾಡಬೇಕಿದ್ದರೆ ಬೇರೆ ಎಳೆ ತೆರೆಯಿರಿ. ಇಲ್ಲಿ ವರದಿ ಓದುವ ಬಗ್ಗೆ ಮಾತ್ರ.

ತಿಂಗಳಬೆಳಕು

ಪರಿಹಾರಕ್ಕೆ ಗಿಡ ನೆಡುವ ಪುಟ ಯಾರೂ ಎತ್ತಿಲ್ಲ. ಕಡಿದ ಒಂದು ಮರಕ್ಕೆ ಇಷ್ಟು ಸಸಿ ಅನ್ನೋ ಲೆಕ್ಕ ಎಲ್ಲ ವರದಿಯಲ್ಲೂ ಇರುತ್ತದೆ. ಸಸಿ ಎಣಿಸಬೇಡಿ, ಎಲ್ಲಿ ನೆಡುತ್ತಾರೆ ಅಂತ ಕೇಳಿ. ತೋಳ, ಕೃಷ್ಣಮೃಗ, ಎರೆಭೂತ ಬದುಕೋದು ಮರ ಇಲ್ಲದ ಹುಲ್ಲು ಬಯಲಿನಲ್ಲಿ. ದಾಖಲೆಯಲ್ಲಿ ಅಂಥ ಬಯಲು ಪಾಳು ಜಮೀನು. ಸೌರ ಫಲಕಕ್ಕೂ ಅದೇ ಜಾಗ, ಬೇರೆಡೆಯ ಕಾಡಿಗೆ ಬದಲಿಯಾಗಿ ಸಸಿ ನೆಡೋದಕ್ಕೂ ಅದೇ ಜಾಗ. ಹೀಗೆ ಎರಡೆರಡು ಸಲ ಹೋಗುತ್ತದೆ.

ಮತ್ತೆ, ಮಂಗಟ್ಟೆ ಗೂಡು ಮಾಡೋದು ಹಳೇ ದೊಡ್ಡ ಮರದ ಪೊಟರೆಯಲ್ಲಿ. ನಾಳೆ ನೆಡುವ ಸಸಿಯಲ್ಲಿ ಆ ಪೊಟರೆ ಆಗೋದು ಯಾವಾಗ?

ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ ಹೆಚ್ಚಿನ ಕಟ್ಟಡ ಯೋಜನೆಗಳು ಮೊದಲಿದ್ದಕ್ಕಿಂತ 10 ಶೇಕಡಾ ಹೆಚ್ಚು ಜೀವವೈವಿಧ್ಯ ತೋರಿಸಬೇಕು, 30 ವರ್ಷ ಕಾಪಾಡಬೇಕು. ಆ 10 ಶೇಕಡಾದ ಲೆಕ್ಕ ಹಾಕುವ ರೀತಿಗೆ ತಕರಾರುಗಳಿವೆ. ಆದರೂ 30 ವರ್ಷ ಅಂತ ಕಾಲ ಬರೆದಿರೋದು ನನಗೆ ಹಿಡಿಸಿತು. ನಮ್ಮ ಕೈಗೆ ಬರುವ ವರದಿಗಳಲ್ಲಿ ಸಸಿಯ ಸಂಖ್ಯೆ ಇರುತ್ತದೆ, ವರ್ಷ ಇರಲ್ಲ.

ಲೆಕ್ಕದಮೇಷ್ಟ್ರು

ಇನ್ನೊಂದೇ ಮಾತು, ಆಮೇಲೆ ಸುಮ್ಮನಾಗುತ್ತೇನೆ. ಕಟ್ಟಿದ ಮೇಲೆ ಹಕ್ಕಿ ಕಡಿಮೆಯಾದರೆ "ಆ ವರ್ಷ ಮಳೆ ಕಡಿಮೆ" ಅನ್ನುತ್ತಾರೆ. ಇರಬಹುದು ಕೂಡ. ಅದಕ್ಕೇ ಯೋಜನೆ ಇಲ್ಲದ, ಅದೇ ಥರದ ಇನ್ನೊಂದು ಜಾಗವನ್ನೂ ಅದೇ ವರ್ಷಗಳಲ್ಲಿ ಅದೇ ವಿಧಾನದಲ್ಲಿ ನೋಡಬೇಕು. ಕಟ್ಟುವ ಮೊದಲು ಎರಡೂ ಕಡೆ, ಕಟ್ಟಿದ ಮೇಲೆ ಎರಡೂ ಕಡೆ. ಮಳೆ ಕಾರಣವಾದರೆ ಎರಡೂ ಕಡೆ ಇಳಿಯುತ್ತದೆ. ಯೋಜನೆ ಕಾರಣವಾದರೆ ಒಂದೇ ಕಡೆ. ಹೋಲಿಕೆಯ ಜಾಗ ಇಲ್ಲದ ವರದಿಯಿಂದ ಮುಂದೆ ಯಾರನ್ನೂ ಹೊಣೆ ಮಾಡೋಕೂ ಆಗಲ್ಲ, ಯಾರನ್ನೂ ನಿರ್ದೋಷಿ ಅನ್ನೋಕೂ ಆಗಲ್ಲ. ಕೆಲಸ ಶುರುವಾದ ಮೇಲೆ "ಮೊದಲು" ಅನ್ನೋದನ್ನು ಅಳೆಯಲು ಸಾಧ್ಯವೇ ಇಲ್ಲ, ಅದಕ್ಕೆ ಈಗಲೇ ಕೇಳಿ.

ಹೊಸಓದುಗಿ

ಇಷ್ಟರಿಂದ ಪತ್ರದ ಕರಡು ಮಾಡಿದ್ದೇನೆ. ತಿದ್ದಿ.

"ಸಮೀಕ್ಷೆ ಏಪ್ರಿಲ್‌ನಲ್ಲಿ ಮಾತ್ರ ನಡೆದಿದೆ. ಮಳೆಗಾಲ ಮತ್ತು ವಲಸೆಯ ಚಳಿಗಾಲದಲ್ಲಿ ಏಕೆ ನಡೆದಿಲ್ಲ? ನಡೆದ ದಾರಿಗಳ ನಕ್ಷೆ ಮತ್ತು ಸಮಯದ ವಿವರ ಕೊಡಿ. ಬಾವಲಿಗಳ ಸಮೀಕ್ಷೆ ಮಾಡಿ. ಟರ್ಬೈನ್ ಮತ್ತು ವಿದ್ಯುತ್ ಲೈನ್ ಎರಡರ ಪರಿಣಾಮವನ್ನೂ ಸುತ್ತಲಿನ ಹಳೆಯ ಯೋಜನೆಗಳ ಜೊತೆ ಸೇರಿಸಿ ಅಂದಾಜು ಮಾಡಿ. ಹೋಲಿಕೆಗೆ ಯೋಜನೆ ಇಲ್ಲದ ಜಾಗವೊಂದನ್ನು ಈಗಲೇ ಗುರುತಿಸಿ. ಸೂಚಿಸಿರುವ ಪ್ರತಿ ಪರಿಹಾರ ಕ್ರಮ ಯಾವ ಜೀವಿಗೆ ಎಲ್ಲಿ ಫಲ ಕೊಟ್ಟಿದೆ ಎಂದು ತಿಳಿಸಿ."

ಗಾಳಿಯಂತ್ರ

ಚೆನ್ನಾಗಿದೆ. ನನ್ನ ಕಡೆಯಿಂದ ಒಂದು ಸೇರಿಸಿ. "ಬಾವಲಿಗಳು ಹಾರುವ ತಿಂಗಳುಗಳಲ್ಲಿ ರಾತ್ರಿ ಎಷ್ಟು ಗಾಳಿ ವೇಗದವರೆಗೆ ಯಂತ್ರ ನಿಲ್ಲಿಸುತ್ತೀರಿ?" ಅಂತ ನೇರವಾಗಿ ಸಂಖ್ಯೆ ಕೇಳಿ. "ಸೂಕ್ತ ಕ್ರಮ ಕೈಗೊಳ್ಳುತ್ತೇವೆ" ಅಂತ ಬರೆಸಿಕೊಂಡರೆ ಯಂತ್ರದ ಕೋಣೆಯಲ್ಲಿ ಕೂತವನಿಗೆ ಏನೂ ತಿಳಿಯಲ್ಲ. ಸಂಖ್ಯೆ ಇದ್ದರೆ ನಾನು ಅದನ್ನು ಸೆಟ್ ಮಾಡಬಹುದು.

ಕೆರೆದಂಡೆ

ಎಷ್ಟು ಸಾವಾದರೆ ಏನು ಮಾಡುತ್ತಾರೆ ಅನ್ನೋದನ್ನೂ ಕೇಳಿ. ಮಿತಿಯನ್ನು ಮೊದಲೇ ಬರೆಯಬೇಕು, ಸತ್ತ ಮೇಲೆ ಕೂತು ನಿರ್ಧರಿಸೋದಲ್ಲ.

ಲೆಕ್ಕದಮೇಷ್ಟ್ರು

ಹೆಣ ಹುಡುಕೋದು ಎಷ್ಟು ದಿನಕ್ಕೊಮ್ಮೆ, ಎಷ್ಟು ಸುತ್ತಳತೆಯಲ್ಲಿ ಅಂತಲೂ ಇರಲಿ. ತಿಂಗಳಿಗೊಮ್ಮೆ ಹೋದರೆ ಬಾವಲಿ ಒಂದೂ ಸಿಗಲ್ಲ.

ಹೊಸಓದುಗಿ

ಮೂರನ್ನೂ ಸೇರಿಸಿದೆ. ಸೋಮವಾರ ಕಳಿಸುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.